ಇದಕ್ಕೆ ಎಷ್ಟು ದಿನ ಹಿಡೀತು? ಕೂಲಿ ಯಾರು ಕೊಟ್ಟರು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಮ್ಮ ಮೈಸೂರಿನಲ್ಲಿ ಇಪ್ಪತ್ತು ವರ್ಷ ಮನೆಯಲ್ಲೇ ಕೂತು ಊದುಬತ್ತಿ ಹೊಸೆದು ನಮ್ಮನ್ನು ಓದಿಸಿದರು. ಈಚೆಗೆ ಅವರನ್ನು ಒಂದು ಕಲಾ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಕೋಣೆ ತುಂಬ ಬರೀ ದಾರ. ಕಲಾವಿದರು ತಿಂಗಳುಗಟ್ಟಲೆ ಕೈಯಲ್ಲೇ ಸುತ್ತಿ, ಗಂಟು ಹಾಕಿ ಮಾಡಿದ್ದಂತೆ. ಅಮ್ಮ ತುಂಬಾ ಹೊತ್ತು ನೋಡಿ, ‘ಇದಕ್ಕೆ ಎಷ್ಟು ದಿನ ಹಿಡೀತೋ! ಕೂಲಿ ಯಾರು ಕೊಟ್ಟರು?’ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಷೀನಿನಲ್ಲಿ ಒಂದು ಗಂಟೆಗೆ ಮುಗಿಯುವ ಕೆಲಸವನ್ನು ಕೈಯಲ್ಲಿ ಮಾಡಿ ಗ್ಯಾಲರಿಯಲ್ಲಿ ಇಡುವುದು ಯಾಕೆ? ಹೊಟ್ಟೆಪಾಡಿಗೆ ಇಂಥದ್ದೇ ಕೆಲಸ ಮಾಡುವವರನ್ನು ಅಣಕಿಸಿದ ಹಾಗಾಗುವುದಿಲ್ಲವಾ? ಅಮ್ಮ ಮಾಡಿದ್ದು ಬರೀ ಕೂಲಿ ಕೆಲಸ, ಇದು ಮಾತ್ರ ಕಲೆ ಅನ್ನುವುದು ಹೇಗೆ?

ಉತ್ತರ: ನಿಮ್ಮ ಅಮ್ಮ ಕೇಳಿದ ಎರಡು ಪ್ರಶ್ನೆಗಳನ್ನೇ ಹಿಡಿದು ಹೊರಡೋಣ. ಗ್ಯಾಲರಿಗೆ ಬರುವ ಹೆಚ್ಚಿನವರು ‘ಇದರ ಅರ್ಥ ಏನು?’ ಅಂತ ಕೇಳುತ್ತಾರೆ. ನಿಮ್ಮ ಅಮ್ಮ ಎಷ್ಟು ದಿನ, ಎಷ್ಟು ಕೂಲಿ ಅಂತ ಕೇಳಿದರು. ಕೈಕೆಲಸವನ್ನೇ ವಸ್ತುವಾಗಿ ಹಿಡಿದ ಕಲೆಯ ಮುಂದೆ ನಿಂತು ಕೇಳಬೇಕಾದ್ದು ಅದನ್ನೇ. ಸಾವಿರದ ಲೆಕ್ಕದಲ್ಲಿ ಬತ್ತಿ ಎಣಿಸಿ ಕೊಟ್ಟವರಿಗೆ ಒಂದು ವಸ್ತು ಕಂಡ ತಕ್ಷಣ ಅದರೊಳಗಿನ ಹೊತ್ತು ಕಾಣುತ್ತದೆ. ನನ್ನಂಥವರು ಅದನ್ನು ವರ್ಷಗಟ್ಟಲೆ ಓದಿ ಕಲಿಯಬೇಕಾಯಿತು.

ನೀವು ನೋಡಿದ ಕೃತಿ ಯಾರದೆಂದು ನನಗೆ ತಿಳಿಯಲಿಲ್ಲ. ಅದಕ್ಕೇ ನಾನು ಚೆನ್ನಾಗಿ ಬಲ್ಲ, ನಮ್ಮವರದೇ ಆದ ಇನ್ನೊಂದು ದಾರದ ಕೃತಿಯ ಬಗ್ಗೆ ಹೇಳುತ್ತೇನೆ. ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲೇ ಇರುವವರು. ಮೊದಲು ಚಿತ್ರ ಬರೆಯುತ್ತಿದ್ದರು. 1990ರ ದಶಕದಲ್ಲಿ ಕುಂಚ ಬಿಟ್ಟು ಸಗಣಿ, ದಾರ, ಕುಂಕುಮ ಕೈಗೆತ್ತಿಕೊಂಡರು. ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’, ಅಂದರೆ ನನ್ನ ನೋವನ್ನು ಅವನಿಗೆ ತಿಳಿಸು ಅನ್ನುವ ಹೆಸರಿನ ಕೃತಿ ಆ ದಶಕದ ಕೊನೆಗೆ ಬಂತು. ನೋಡಲು ಇಷ್ಟೇ: ಗೋಡೆಯಿಂದ ಇಳಿದು, ನೆಲದ ಮೇಲೆ ಸುರುಳಿಯಾಗಿ, ಮತ್ತೆ ಗೋಡೆ ಹತ್ತಿ ಹೋಗುವ ಕೆಂಪು ಹಗ್ಗ. ದೂರದಿಂದ ಗಾಳಿಯಲ್ಲಿ ಎಳೆದ ಗೆರೆಯ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಕರುಳಿನ ಹಾಗೆ.

ಅದನ್ನು ಮಾಡಿದ ಬಗೆ ಕೇಳಿ. ತುಂಬಾ ಉದ್ದದ ದಾರ ತಗೊಂಡು ಸೂಜಿಯ ಕಣ್ಣಿನಲ್ಲಿ ಪೋಣಿಸಬೇಕು. ಪೋಣಿಸಿ ಬಿಟ್ಟರಾಗಲಿಲ್ಲ, ಅಷ್ಟುದ್ದ ದಾರವನ್ನೂ ಆ ಕಣ್ಣಿನಿಂದ ಎಳೆಯಬೇಕು. ಆಮೇಲೆ ಇನ್ನೊಂದು ಸೂಜಿ. ಆಮೇಲೆ ಮತ್ತೊಂದು. ಹೀಗೆ ಹತ್ತಾರು ಸೂಜಿಗಳ ದಾರವನ್ನು ಒಟ್ಟು ಮಾಡಿ, ಅಂಟಿನಲ್ಲಿ ಕಲಸಿದ ಕುಂಕುಮ ಸವರಿ, ಕೈಯಲ್ಲೇ ತೀಡಿ ಒಂದು ಹಗ್ಗ ಮಾಡಬೇಕು. ಸೂಜಿಗಳನ್ನು ಅವರು ತೆಗೆದಿಲ್ಲ. ಹಗ್ಗದ ತುದಿಯಲ್ಲಿ ಅವು ಗೊಂಚಲಾಗಿ ನೇತಾಡುತ್ತವೆ.

ಒಮ್ಮೆ ನನ್ನ ವಿದ್ಯಾರ್ಥಿಗಳ ಜೊತೆ ಕೂತು ಇದನ್ನು ಸ್ವಲ್ಪ ಮಾಡಿ ನೋಡಿದೆ. ಒಬ್ಬೊಬ್ಬರಿಗೆ ಒಂದು ಸೂಜಿ, ಹತ್ತು ಮೀಟರ್ ದಾರ. ಐದನೇ ಮೀಟರಿಗೆ ದಾರ ಸಿಕ್ಕು ಬಿತ್ತು. ಬಿಡಿಸುವಾಗ ಹೆಬ್ಬೆರಳಿನ ತುದಿ ಉರಿಯಿತು. ಮಾತಾಡುತ್ತಿದ್ದ ಹುಡುಗರು ಸುಮ್ಮನಾದರು, ಉಸಿರಿನ ಲಯ ಕೂಡ ಬದಲಾಯಿತು. ಎಳೆಯುವ ಕೈ ಎಷ್ಟು ದೂರ ಚಾಚಬಹುದೋ ಅಷ್ಟೇ ದಾರ ಒಂದು ಸಲಕ್ಕೆ ಬರುವುದು. ಅಂದರೆ ಆ ಹಗ್ಗದ ಅಳತೆ ಮೀಟರಿನಲ್ಲಿಲ್ಲ, ಒಬ್ಬ ಹೆಂಗಸಿನ ತೋಳಿನ ಉದ್ದದಲ್ಲಿದೆ. ಇದು ಫೋಟೋ ನೋಡಿ ನನಗೆ ಗೊತ್ತಾಗಿರಲಿಲ್ಲ.

ಇನ್ನೊಂದು ಮಾತು. ಅಲ್ಲಿ ಅಷ್ಟು ಸೂಜಿ, ಅಷ್ಟು ದಾರ ಇದೆ. ಆದರೆ ಹೊಲಿದ ಬಟ್ಟೆ ಎಲ್ಲೂ ಇಲ್ಲ. ಹೊಲಿಗೆಯಲ್ಲಿ ಬೆರಳಿಗೆ, ಬೆನ್ನಿಗೆ, ಕಣ್ಣಿಗೆ ಆಗುವ ದಣಿವೆಲ್ಲ ಆಗಿದೆ, ರವಿಕೆ ಮಾತ್ರ ಬಂದಿಲ್ಲ. ರವಿಕೆ ಇದ್ದಿದ್ದರೆ ನಾವು ಅದರ ಬಣ್ಣ, ಫಿಟ್ಟಿಂಗ್ ನೋಡುತ್ತಿದ್ದೆವು. ಇಲ್ಲದ್ದರಿಂದ ದಣಿವನ್ನೇ ನೋಡಬೇಕಾಗುತ್ತದೆ. ‘ಯಾಕೆ ಗ್ಯಾಲರಿಯಲ್ಲಿ ಇಡಬೇಕು’ ಅಂತ ಕೇಳಿದಿರಲ್ಲ, ನನ್ನ ಮೊದಲ ಉತ್ತರ ಇದು. ಬಳಸುವ ವಸ್ತು ತನ್ನನ್ನು ಮಾಡಿದ ಕೈಯನ್ನು ಮರೆಮಾಡಿಬಿಡುತ್ತದೆ. ಊದುಬತ್ತಿ ಹಚ್ಚಿದವರಿಗೆ ಪರಿಮಳ ಬರುತ್ತದೆಯೇ ಹೊರತು ನಿಮ್ಮ ಅಮ್ಮನ ಅಂಗೈ ಕಾಣುವುದಿಲ್ಲ.

ಊದುಬತ್ತಿಯ ಮಾತು ಬಂತಲ್ಲ, ಅಮ್ಮನಿಗೆ ಇದನ್ನು ಹೇಳಿ. ಶೀಲಾ ಗೌಡ ಊದುಬತ್ತಿಯ ಮಸಾಲೆಯನ್ನೇ ಬಳಸಿ ಕೃತಿಗಳನ್ನು ಮಾಡಿದ್ದಾರೆ. ‘ಕೊಲ್ಯಾಟರಲ್’ ಎಂಬ 2007ರ ಕೃತಿಯಲ್ಲಿ ಆ ಹಿಟ್ಟನ್ನು ಆಕಾರಗಳಾಗಿ ತಟ್ಟಿ, ಬಲೆಯ ಚೌಕಟ್ಟಿನ ಮೇಲಿಟ್ಟು ಉರಿಸಿದರು. ನೋಡುಗರಿಗೆ ಉಳಿದದ್ದು ಬೂದಿಯ ಆಕಾರ. ಇದ್ದಿಲ ಪುಡಿಗೆ ಜಿಗಟು ಎಷ್ಟು ಬೆರೆಸಬೇಕು, ನೀರು ಜಾಸ್ತಿಯಾದರೆ ಕಡ್ಡಿಗೆ ಹೇಗೆ ಹಿಡಿಯುವುದಿಲ್ಲ, ಮಣೆಯ ಮೇಲೆ ಅಂಗೈ ಒಂದೇ ಸಲ ಮುಂದಕ್ಕೆ ಹೋದಾಗ ಬತ್ತಿ ಹೇಗೆ ಸಮನಾಗಿ ಕೂರುತ್ತದೆ ಅನ್ನುವುದೆಲ್ಲ ನಿಮ್ಮ ಅಮ್ಮನ ಕೈಗೆ ಗೊತ್ತು. ಆ ಬೂದಿಯನ್ನು ನಾನು ನೋಡುವುದಕ್ಕಿಂತ ಅವರು ಚೆನ್ನಾಗಿ ನೋಡಬಲ್ಲರು. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ಈಗ ನಿಮ್ಮ ಕೆಲಸದ ಕಡೆ ಬರೋಣ. ನೀವು ಟೈಮ್‌ಶೀಟ್ ತುಂಬುತ್ತೀರಿ, ಅಲ್ವಾ? ಅಮ್ಮ ಸಾವಿರ ಬತ್ತಿಗೆ ಇಷ್ಟು ಅಂತ ಎಣಿಸಿದರು, ನೀವು ಗಂಟೆ ಎಣಿಸುತ್ತೀರಿ. ಈ ಗಂಟೆಯ ಲೆಕ್ಕಕ್ಕೆ ನೂರು ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಅಮೆರಿಕದಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಲು ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಪಕ್ಕ ನಿಂತ. ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವವರ ಕೈ ಒಂದು ಇಟ್ಟಿಗೆಗೆ 18 ಸಲ ಅಲುಗುತ್ತದೆ ಅಂತ ಎಣಿಸಿ ಅದನ್ನು 5ಕ್ಕೆ ಇಳಿಸಿದ. ಆತ ಸ್ವತಃ ಇಟ್ಟಿಗೆ ಕಟ್ಟಿ ಕಲಿತವನು, ಬೆನ್ನು ಬಗ್ಗಿಸುವ ಕಷ್ಟ ತಪ್ಪಿಸಿದ ಅನ್ನುವುದೂ ನಿಜ. ಆದರೆ ಅಲ್ಲಿಂದ ಮುಂದೆ ಕೈಯ ಚಲನೆ ಕೈಯವರ ಸೊತ್ತಾಗಿ ಉಳಿಯಲಿಲ್ಲ. ಅದು ಕಾಗದದ ಮೇಲಿನ ಅಂಕಿಯಾಯಿತು.

ತೆಹ್‌ಚಿಂಗ್ ಷೇ ಎಂಬ ಕಲಾವಿದ ಈ ಅಂಕಿಯನ್ನು ತನ್ನ ಮೈಮೇಲೆ ಹೊತ್ತುಕೊಂಡರು. ತೈವಾನಿನವರು. 1974ರಲ್ಲಿ ಹಡಗಿನಿಂದ ಇಳಿದು ತಪ್ಪಿಸಿಕೊಂಡು ಅಮೆರಿಕ ಸೇರಿದರು. ಕಾಗದಪತ್ರ ಇಲ್ಲದೆ ನ್ಯೂಯಾರ್ಕಿನ ಹೋಟೆಲುಗಳಲ್ಲಿ ತಟ್ಟೆ ತೊಳೆದರು. 1980ರ ಏಪ್ರಿಲ್ 11ರಿಂದ ಒಂದು ವರ್ಷ, ಹಗಲೂ ರಾತ್ರಿ, ಪ್ರತಿ ಗಂಟೆಗೊಮ್ಮೆ ತಮ್ಮ ಕೋಣೆಯಲ್ಲಿದ್ದ ಕಾರ್ಖಾನೆಯ ಹಾಜರಿ ಗಡಿಯಾರಕ್ಕೆ ಕಾರ್ಡ್ ಒತ್ತಿದರು. ಪ್ರತಿ ಸಲವೂ ಒಂದು ಫ್ರೇಮ್ ಫಿಲ್ಮ್ ತೆಗೆದರು. ಮೊದಲ ದಿನ ತಲೆ ಬೋಳಿಸಿಕೊಂಡಿದ್ದರು. ಆ ಫಿಲ್ಮ್ ಓಡಿಸಿದರೆ ಸುಮಾರು ಆರು ನಿಮಿಷದಲ್ಲಿ ಒಂದು ವರ್ಷದ ಕೂದಲು ಬೆಳೆಯುತ್ತದೆ.

ಒಟ್ಟು 8,760 ಗಂಟೆ. ಅದರಲ್ಲಿ 133 ಸಲ ತಪ್ಪಿತು. 94 ಸಲ ನಿದ್ದೆ ಬಂದು, 29 ಸಲ ತಡವಾಗಿ, 10 ಸಲ ಬೇಗ ಒತ್ತಿ. ಈ ತಪ್ಪುಗಳ ಪಟ್ಟಿಯನ್ನೂ ಅವರು ಕೃತಿಯ ಭಾಗವಾಗಿಯೇ ಇಟ್ಟರು. ನನಗೆ ಎಲ್ಲಕ್ಕಿಂತ ಹೆಚ್ಚು ನಾಟುವುದು ಆ 94. ಗಡಿಯಾರದ ಲೆಕ್ಕದಲ್ಲಿ ಅದು ಗೈರುಹಾಜರಿ. ಮನುಷ್ಯನ ಲೆಕ್ಕದಲ್ಲಿ ನಿದ್ದೆ. ವರ್ಷವಿಡೀ ಅವರು ಒಂದು ಗಂಟೆಗಿಂತ ಜಾಸ್ತಿ ಹೊತ್ತು ಒಂದೇ ಸಮನೆ ಮಲಗುವ ಹಾಗಿರಲಿಲ್ಲ, ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ಏನು ಉತ್ಪಾದನೆ ಆಯಿತು ಅಂದರೆ ಏನೂ ಇಲ್ಲ. ಹಾಜರಿ ಮಾತ್ರ. ಟೈಮ್‌ಶೀಟ್ ತುಂಬುವವರು ಇದನ್ನು ಐದು ನಿಮಿಷ ಯೋಚಿಸಿದರೆ ಎದೆ ಭಾರವಾಗುತ್ತದೆ.

ಮೆಕ್ಸಿಕೊದಲ್ಲಿರುವ ಬೆಲ್ಜಿಯಂ ಮೂಲದ ಫ್ರಾನ್ಸಿಸ್ ಆಲಿಸ್ 1997ರಲ್ಲಿ ಇದೇ ದಾರಿಯ ಇನ್ನೊಂದು ಕೆಲಸ ಮಾಡಿದರು. ದೊಡ್ಡ ಮಂಜುಗಡ್ಡೆಯನ್ನು ಮೆಕ್ಸಿಕೊ ನಗರದ ಬೀದಿಗಳಲ್ಲಿ ಒಂಬತ್ತು ಗಂಟೆಗೂ ಮಿಕ್ಕಿ ತಳ್ಳುತ್ತ ಹೋದರು, ಅದು ಕರಗಿ ಒದ್ದೆ ಗುರುತಾಗುವ ತನಕ. ದಿನವಿಡೀ ದುಡಿದೂ ಕೈಯಲ್ಲಿ ಏನೂ ಉಳಿಯದ ಜನ ತುಂಬಿದ ನಗರದಲ್ಲಿ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಉತ್ಪಾದನೆ ಅಂದಾಗ ನಾವು ಲೆಕ್ಕಕ್ಕೇ ತಗೊಳ್ಳದ ಕೆಲಸ ಒಂದಿದೆ. ತೊಳೆಯುವುದು, ಒರೆಸುವುದು, ಕಸ ತೆಗೆಯುವುದು, ಮಗುವಿನ ಬಟ್ಟೆ ಬದಲಿಸುವುದು. ಬೆಳಿಗ್ಗೆ ಮಾಡಿದರೆ ಸಂಜೆ ಮತ್ತೆ ಮಾಡಬೇಕು. ಮುಗಿಯಿತು ಅನ್ನುವುದೇ ಇಲ್ಲ. ನ್ಯೂಯಾರ್ಕಿನ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಮೊದಲ ಮಗು ಹುಟ್ಟಿದ ಮೇಲೆ, 1969ರಲ್ಲಿ, ಈ ಕೆಲಸವನ್ನೇ ಕಲೆ ಅಂತ ಕರೆಯುತ್ತೇನೆ ಎಂದು ಬರೆದು ಸಾರಿದರು. 1973ರಲ್ಲಿ ಹಾರ್ಟ್‌ಫರ್ಡ್ ಊರಿನ ಮ್ಯೂಸಿಯಮ್ಮಿನ ಮೆಟ್ಟಿಲುಗಳನ್ನು ಮಂಡಿಯೂರಿ ಉಜ್ಜಿದರು. ಆಮೇಲೆ ನ್ಯೂಯಾರ್ಕ್ ನಗರದ ಕಸ ವಿಲೇವಾರಿ ಇಲಾಖೆ ಸೇರಿದರು, ಸಂಬಳ ಇಲ್ಲದ ಕಲಾವಿದೆಯಾಗಿ.

ಅಲ್ಲಿ ಅವರು ಮಾಡಿದ ‘ಟಚ್ ಸ್ಯಾನಿಟೇಶನ್’ ನನಗೆ ಬಹಳ ಪ್ರಿಯವಾದ ಕೃತಿ. 1979ರಿಂದ 80ರವರೆಗೆ ಊರಿನ ಮೂಲೆಮೂಲೆಗೆ ಹೋಗಿ ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರಾಗಿ ಕಂಡು, ಕೈ ಕುಲುಕಿ, ನಗರವನ್ನು ಬದುಕಿಸಿ ಇಟ್ಟಿದ್ದಕ್ಕೆ ಕೃತಜ್ಞತೆ ಹೇಳಿದರು. ಬೆಳಗಿನ ಪಾಳಿಗೆ ಹೋದರು, ರಾತ್ರಿ ಪಾಳಿಗೆ ಹೋದರು. ಅವರ ಹಿಂದೆ ನಡೆದು, ಕಸದ ಡಬ್ಬ ಎತ್ತುವ ಅವರ ಮೈಯ ಬಾಗನ್ನು ತಾವೂ ಮಾಡಿ ನೋಡಿದರು. ಹೆಸರಿನಲ್ಲಿರುವ ‘ಟಚ್’ ಪದ ಅಮೆರಿಕದಲ್ಲಿ ಒಂದು ಅರ್ಥ ಕೊಟ್ಟರೆ ನಮ್ಮಲ್ಲಿ ಇನ್ನೊಂದು ಅರ್ಥ ಕೊಡುತ್ತದೆ. ಕಸ ಎತ್ತುವವರನ್ನು ಮುಟ್ಟುವುದು ಅನ್ನುವ ಮಾತನ್ನು ಜಾತಿಯ ನಾಡಿನಲ್ಲಿ ಕೂತು ಓದಿದಾಗ ಆ 8,500 ಕೈಗಳ ತೂಕವೇ ಬೇರೆ. ನಾನು ವಿದ್ಯಾರ್ಥಿಗಳಿಗೆ ಈ ಕೃತಿ ಪಾಠ ಮಾಡುವಾಗ ನಮ್ಮ ಕಾಲೇಜಿನ ಅಂಗಳ ಗುಡಿಸುವವರ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ಕೇಳುತ್ತೇನೆ. ಮೊದಲ ವರ್ಷ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಇನ್ನು ಅಮ್ಮನ ಎರಡನೇ ಪ್ರಶ್ನೆ, ಕೂಲಿಯದು. ಇಲ್ಲಿ ಕಲಾಲೋಕದ ಪರವಾಗಿ ಸುಮ್ನೆ ವಾದ ಮಾಡಲಾರೆ.

ಚೀನಾದ ಐ ವೇವೇ 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಮ್ಮಿನ ದೊಡ್ಡ ಹಾಲಿನಲ್ಲಿ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜ ಹರವಿದರು. ಎಲ್ಲ ಪಿಂಗಾಣಿಯವು. ಶತಮಾನಗಳಿಂದ ಪಿಂಗಾಣಿಗೆ ಹೆಸರಾದ ಜಿಂಗ್‌ಡೆಜೆನ್ ಊರಿನ ಸುಮಾರು 1,600 ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದು. ಒಂದೊಂದು ಬೀಜಕ್ಕೂ ಕುಂಚದಿಂದ ಕಪ್ಪು ಗೆರೆ ಎಳೆದಿದ್ದಾರೆ. ಜನ ಅದರ ಮೇಲೆ ನಡೆಯಲಿ ಅಂತ ಹರವಿದ್ದು. ಕೆಲವೇ ದಿನಗಳಲ್ಲಿ ಪಿಂಗಾಣಿ ದೂಳು ಏಳುತ್ತದೆ, ಉಸಿರಿಗೆ ಕೆಟ್ಟದ್ದು ಅಂತ ಓಡಾಟ ನಿಲ್ಲಿಸಿದರು. ನೋಡಲು ಬಂದವರ ಪುಪ್ಪುಸದ ಚಿಂತೆಯನ್ನು ಮ್ಯೂಸಿಯಂ ಮಾಡಿತು, ಒಳ್ಳೆಯದೇ. ಕಾರ್ಖಾನೆಗಳಲ್ಲಿ ದಿನವೂ ದೂಳಿನ ನಡುವೆ ದುಡಿಯುವ ಕೈಗಳ ನೆನಪು ನನಗೆ ಆಗ ಬಂತು. ಆ ಊರಿನವರು ಕೆಲಸ ಮಾಡುವ ವಿಡಿಯೋವನ್ನು ಕೃತಿಯ ಜೊತೆಗೇ ತೋರಿಸಿದ್ದರು ಅನ್ನುವುದನ್ನು ಐ ವೇವೇ ಪರವಾಗಿ ಹೇಳಬೇಕು. ಆದರೆ ಗೋಡೆಯ ಮೇಲಿದ್ದದ್ದು ಒಂದೇ ಹೆಸರು.

ಇಟಲಿಯ ಅಲಿಗಿಯೆರೊ ಬೊಯೆಟ್ಟಿ 1971ರಿಂದ ಅಫ್ಘಾನಿಸ್ತಾನದ ಹೆಂಗಸರ ಕೈಯಲ್ಲಿ ಜಗತ್ತಿನ ನಕ್ಷೆಗಳನ್ನು ಕಸೂತಿ ಮಾಡಿಸಿದರು. ಒಂದೊಂದು ದೇಶದೊಳಗೂ ಅದರ ಬಾವುಟ. ಸೋವಿಯತ್ ಸೇನೆ ಬಂದ ಮೇಲೆ ಆ ಹೆಂಗಸರು ಪೆಶಾವರದ ನಿರಾಶ್ರಿತರಾದರು, ಅಲ್ಲಿಂದಲೂ ಹೊಲಿದರು. ಒಂದು ನಕ್ಷೆಯಲ್ಲಿ ಕಡಲು ಗುಲಾಬಿ ಬಣ್ಣದ್ದು. ಅವರ ಊರಿಗೆ ಕಡಲಿಲ್ಲ, ಕೈಯಲ್ಲಿ ಗುಲಾಬಿ ನೂಲು ಜಾಸ್ತಿ ಇತ್ತು, ಹೊಲಿದರು. ಬೊಯೆಟ್ಟಿ ಅದನ್ನು ತಪ್ಪು ಅನ್ನಲಿಲ್ಲ, ಕಡಲಿನ ಬಣ್ಣದ ಆಯ್ಕೆಯನ್ನು ಅವರಿಗೇ ಬಿಟ್ಟರು. ನನ್ನ ಕಣ್ಣಿಗೆ ಆ ನಕ್ಷೆಗಳಲ್ಲಿ ಅತ್ಯಂತ ಜೀವಂತವಾದ ಜಾಗ ಆ ಕಡಲೇ. ಅದನ್ನು ಹೊಲಿದವರ ಹೆಸರು ಮ್ಯೂಸಿಯಮ್ಮುಗಳ ಫಲಕದಲ್ಲಿ ಕಾಣುವುದಿಲ್ಲ. ಇದು ನನಗೆ ನೋವಿನ ವಿಷಯ. ನಕ್ಷೆಯ ವಿಚಾರ ಬೊಯೆಟ್ಟಿಯದು, ಸರಿ. ಗುಲಾಬಿ ಕಡಲು ಅವರದು.

ಈ ಜಗಳ ಕೋರ್ಟಿಗೂ ಹೋಗಿದೆ. ಇಟಲಿಯ ಮೌರಿಜಿಯೊ ಕಾಟೆಲಾನ್ ಅವರ ಹೆಸರಾಂತ ಮೇಣದ ಮೂರ್ತಿಗಳನ್ನು ಕೈಯಲ್ಲಿ ಮಾಡಿದವರು ಫ್ರಾನ್ಸಿನ ಡೇನಿಯಲ್ ಡ್ರುಯೆ. ಇವು ನನ್ನವೂ ಹೌದು ಅಂತ ಅವರು ದಾವೆ ಹೂಡಿದರು. 2022ರಲ್ಲಿ ಪ್ಯಾರಿಸ್ ಕೋರ್ಟು ಅದನ್ನು ತಳ್ಳಿಹಾಕಿತು. ದಾವೆಯನ್ನು ಗ್ಯಾಲರಿ, ಮ್ಯೂಸಿಯಂ ಮೇಲೆ ಹೂಡಿದ್ದರೇ ಹೊರತು ಕಲಾವಿದನ ಮೇಲೆ ನೇರವಾಗಿ ಹೂಡಿರಲಿಲ್ಲ ಅನ್ನುವುದು ಕಾರಣ. ಮೂಲ ಪ್ರಶ್ನೆ ಇನ್ನೂ ಹಾಗೇ ಇದೆ.

ಹಾಗಾದರೆ ಅಣಕವಾ ಅಂತ ಕೇಳಿದ್ದೀರಿ. ಕೆಲವು ಸಲ ಹೌದು. ಕೈಕೆಲಸದವರನ್ನು ಕರೆಸಿ, ಸಾವಿರಾರು ವಸ್ತು ಮಾಡಿಸಿ, ರಾಶಿ ಹಾಕಿ, ಕಣ್ಣು ಕುಕ್ಕಿಸುವ ಕೃತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಶ್ರಮ ಅನ್ನುವುದು ಬರೀ ಅಲಂಕಾರ. ನನ್ನ ಪರೀಕ್ಷೆ ಹೀಗೆ: ಇದನ್ನೇ ಮಷೀನಿನಲ್ಲಿ ಮಾಡಿಸಿ ಇಟ್ಟಿದ್ದರೆ ಕೃತಿ ಬದಲಾಗುತ್ತಿತ್ತಾ? ಪಿಂಗಾಣಿ ಬೀಜಗಳ ಮೇಲಿನ ಗೆರೆಗಳನ್ನು ಮಷೀನಿನಲ್ಲಿ ಮುದ್ರೆ ಒತ್ತಿದ್ದಾದರೆ ಅದು ಬರೀ ಬೂದು ಬಣ್ಣದ ನೆಲ. ಶೀಲಾ ಗೌಡರ ಹಗ್ಗವನ್ನು ಅಂಗಡಿಯಿಂದ ತಂದು ನೇತುಹಾಕಿದ್ದರೆ ಅಲ್ಲಿ ಕೃತಿಯೇ ಇಲ್ಲ. ಏನೂ ಬದಲಾಗುವುದಿಲ್ಲ ಅನ್ನಿಸಿದರೆ ಅಮ್ಮನನ್ನು ಕರೆದುಕೊಂಡು ಮುಂದಿನ ಕೋಣೆಗೆ ಹೋಗಿ.

‘ಮಷೀನಿನಲ್ಲಿ ಒಂದು ಗಂಟೆಗೆ ಆಗುತ್ತದೆ’ ಅಂದಿರಲ್ಲ, ಅದರ ಬಗ್ಗೆಯೂ ಒಂದು ಕೃತಿ ಇದೆ. ಲಂಡನ್ನಿನ ಥಾಮಸ್ ಥ್ವೇಟ್ಸ್ ವಿದ್ಯಾರ್ಥಿಯಾಗಿದ್ದಾಗ ನಾಲ್ಕು ಪೌಂಡಿಗೂ ಕಮ್ಮಿಗೆ ಸಿಗುವ ಬ್ರೆಡ್ ಟೋಸ್ಟರನ್ನು ಬಿಚ್ಚಿ, ಅಂಥದ್ದನ್ನೇ ಅದಿರಿನಿಂದ ಶುರುಮಾಡಿ ಕೈಯಾರೆ ಮಾಡಲು ಹೊರಟರು. ಗಣಿಗೆ ಹೋಗಿ ಕಬ್ಬಿಣದ ಅದಿರು ತಂದರು, ಕರಗಿಸಲು ಮೈಕ್ರೋವೇವ್ ಒಲೆ ಬಳಸಿದರು. ಖರ್ಚು 1,187 ಪೌಂಡ್ ದಾಟಿತು. ಕರೆಂಟು ಕೊಟ್ಟಾಗ ಕೆಲವೇ ಸೆಕೆಂಡು ಕಾದು ಕೆಟ್ಟಿತು. ಕರಗಿದ ಹಳದಿ ಮೇಣದ ಮುದ್ದೆಯ ಹಾಗಿರುವ ಆ ಟೋಸ್ಟರನ್ನು ನೋಡಿದರೆ, ಮಷೀನು ಮಾಡಿತು ಅಂತ ನಾವು ಹೇಳುವ ಪ್ರತಿಯೊಂದರ ಹಿಂದೆ ಗಣಿಯವರು, ಕುಲುಮೆಯವರು, ಹಡಗಿನವರು, ಜೋಡಿಸುವವರು ಎಷ್ಟು ಜನ ಇದ್ದಾರೆ ಅಂತ ಹೊಳೆಯುತ್ತದೆ. ನೀವು ಬರೆಯುವ ಕೋಡ್‌ಗೂ ಇದು ಸಲ್ಲುತ್ತದೆ. ಅದೂ ಕೈಕೆಲಸವೇ, ಬೆರಳಿನದು.

ಕೊನೆಗೆ, ಅಮ್ಮನದು ಕೂಲಿ, ಇದು ಕಲೆ ಅನ್ನುವ ಮಾತು. ಕೌಶಲದಲ್ಲಿ ವ್ಯತ್ಯಾಸ ಇಲ್ಲ, ಎಷ್ಟೋ ಸಲ ಕೂಲಿಯವರದೇ ಮೇಲು. ಧಾರವಾಡದ ಕಸೂತಿಯಲ್ಲಿ ಗವಂತಿ ಹೊಲಿಗೆ ಹಾಕುವವರು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ತರುತ್ತಾರೆ. ಹಿಂದೆ ತಿರುಗಿಸಿದರೂ ಮುಂದಿನಷ್ಟೇ ಚೊಕ್ಕ, ಗಂಟಿಲ್ಲ. ಅಷ್ಟು ಗಣಿತ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಇಂಥ ಹೊಲಿಗೆಗೆ ಕುಶಲಕಲೆ ಅನ್ನುವ ಬೇರೆ ಹೆಸರು ಬಿದ್ದದ್ದರಲ್ಲಿ ಹೆಂಗಸರ ಕೆಲಸ, ಕೆಳಜಾತಿಯ ಕೆಲಸ, ಬಡವರ ಕೆಲಸ ಅನ್ನುವ ಎಣಿಕೆ ದೊಡ್ಡ ಪಾಲು. ವ್ಯತ್ಯಾಸ ಇರುವುದು ವಸ್ತುವನ್ನು ಯಾತಕ್ಕೆ ಮಾಡಿದ್ದು ಅನ್ನುವುದರಲ್ಲಿ. ಅಮ್ಮನ ಬತ್ತಿ ಉರಿಯಲು ಮಾಡಿದ್ದು. ಗ್ಯಾಲರಿಯ ದಾರ, ನಿಂತು ‘ಎಷ್ಟು ದಿನ ಹಿಡೀತೋ’ ಅಂತ ಯಾರಾದರೂ ಕೇಳಲಿ ಅಂತ ಮಾಡಿದ್ದು. ಅಮ್ಮ ಕೇಳಿದರು. ಆ ಕೃತಿಗೆ ಆ ದಿನ ಸಿಕ್ಕಿದ ಒಳ್ಳೆಯ ನೋಡುಗರು ಅವರೇ ಇರಬೇಕು.

ಇನ್ನೊಮ್ಮೆ ಕರೆದುಕೊಂಡು ಹೋಗಿ. ಕೃತಿಯ ನಡುವಿಗಿಂತ ತುದಿಗಳನ್ನು ನೋಡಿ. ಗಂಟು ಎಲ್ಲಿ ಹಾಕಿದ್ದಾರೆ, ದಾರ ಎಲ್ಲಿ ಬದಲಾಗಿದೆ, ಯಾವ ಜಾಗದಲ್ಲಿ ಕೈ ಸೋತಿದೆ ಅಂತ ಹುಡುಕಿ. ಅಮ್ಮನಿಗೆ ಅದು ನಿಮಗಿಂತ ಮೊದಲು ಕಾಣುತ್ತದೆ, ಅವರು ತೋರಿಸಲಿ. ಆಮೇಲೆ ಅಲ್ಲಿನ ಮೇಜಿನ ಹತ್ತಿರ ಹೋಗಿ ಆ ಎರಡು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ. ಎಷ್ಟು ದಿನ ಹಿಡೀತು, ಯಾರ್‍ಯಾರು ಮಾಡಿದ್ದು, ಅವರಿಗೆ ಎಷ್ಟು ಕೊಟ್ಟರು. ಗೊತ್ತಿಲ್ಲ ಅಂದರೆ ವಿಚಾರಿಸಿ ತಿಳಿಸಿ ಅಂತ ನಿಮ್ಮ ನಂಬರ್ ಬರೆದುಕೊಟ್ಟು ಬನ್ನಿ.